ತಕ್ಕಡಿಯಮ್ಮನ ಅರ್ಧ ಕ್ರೌನ್

ನಮ್ಮ ಮನೆಗೆ ಎರಡು ಥರದ ಜನ ಬರುತ್ತಾರೆ. ಕೈಯಲ್ಲಿ ಬಟ್ಟೆ ಹಿಡಿದು ಬರುವವರು ನನ್ನವರು. ಮುಷ್ಟಿ ಬಿಗಿ ಹಿಡಿದು ಬರುವವರು ನನ್ನ ಹೆಂಡತಿಯವರು. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮೆಷಿನ್ನು, ಬಟ್ಟೆ ಕತ್ತರಿಸುವ ಮೇಜು, ಇಸ್ತ್ರಿಪೆಟ್ಟಿಗೆ. ನಡುವೆ ಒಂದು ಪರದೆ. ಅದರಾಚೆ ಕಿಟಕಿಯ ಬೆಳಕಿಗೆ ಅವಳ ಮೇಜು. ಮುಷ್ಟಿಯವರು ನನ್ನನ್ನು ಹೊಸ್ತಿಲು ದಾಟಿದ ಹಾಗೆ ದಾಟಿ, "ತಕ್ಕಡಿಯಮ್ಮ ಇದಾರಾ?" ಅಂತ ಕೇಳಿ, ಉತ್ತರಕ್ಕೂ ಕಾಯದೆ ಪರದೆ ಸರಿಸಿಬಿಡುತ್ತಾರೆ. ಮೂವತ್ತೆಂಟು ವರ್ಷದಿಂದ ಈ ಓಣಿಗೆಲ್ಲ ಷರ್ಟು ಹೊಲಿದುಕೊಟ್ಟವನು ನಾನು. ಹೆಸರು ಮಾತ್ರ ಅವಳದು. ಇರಲಿ ಬಿಡಿ, ಹೊಟ್ಟೆಕಿಚ್ಚಿನ ಮಾತು ಆಮೇಲೆ ಆಡೋಣ.

ಅವಳು ಕೆಲಸ ಮಾಡಿದ್ದು ತೂಕ ಮತ್ತು ಅಳತೆಯ ಇಲಾಖೆಯಲ್ಲಿ, ಇನ್‌ಸ್ಪೆಕ್ಟರಾಗಿ, ಇಪ್ಪತ್ತೆಂಟು ವರ್ಷ. ಅವಳು ಬೀದಿಯ ಈ ತುದಿಗೆ ಬಂದಳು ಅಂದರೆ ಆ ತುದಿಯ ಅಂಗಡಿಯವರು ತಕ್ಕಡಿ ಒರೆಸಲು ಶುರುಮಾಡುತ್ತಿದ್ದರು. ಒಂದು ದಿನ ಒಬ್ಬ ಸಕ್ಕರೆ ವ್ಯಾಪಾರಿಯ ತಕ್ಕಡಿ ಯಾಕೋ ಎಡಕ್ಕೆ ವಾಲಿದ್ದು ಅವಳ ಕಣ್ಣಿಗೆ ಬಿತ್ತು. ತಟ್ಟೆ ಮಗುಚಿ ನೋಡಿದರೆ ಅಡಿಯಲ್ಲಿ ಮೇಣ ಮೆತ್ತಿ ಒಂದು ನಾಣ್ಯ ಅಂಟಿಸಿದ್ದ. ಬ್ರಿಟಿಷರ ಹಳೇ ಪೆನ್ನಿ, ತಾಮ್ರದ ಬಣ್ಣದ್ದು, ಅಂಗೈ ಅರ್ಧ ತುಂಬುವಷ್ಟು ದೊಡ್ಡದು. ಸಾಕ್ಷಿಗೆಂದು ಆಫೀಸಿಗೆ ತಂದು ತೂಗಿದಳು. ಎಂಬತ್ತು ವರ್ಷ ಹಳೆಯದಾದರೂ ಹುಟ್ಟಿದ ದಿನದ ತೂಕಕ್ಕೂ ಅದಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ. ಅವತ್ತು ಮನೆಗೆ ಬಂದವಳು ಚಪ್ಪಲಿ ಬಿಡುವ ಮುಂಚೆಯೇ ಶುರುಮಾಡಿದಳು.

"ರೀ, ಆ ವ್ಯಾಪಾರಿ ಮೋಸಗಾರ. ಆದ್ರೆ ಅವನು ಮೋಸಕ್ಕೆ ಇಟ್ಕೊಂಡಿದ್ದ ಕಾಸಿದೆಯಲ್ಲ, ಅದು ಎಂಥಾ ಪ್ರಾಮಾಣಿಕ ಕಾಸು ಗೊತ್ತಾ!"

ನಾನು ಸೂಜಿಗೆ ದಾರ ಏರಿಸುತ್ತಿದ್ದೆ. "ಹಂಗಾದ್ರೆ ಅದನ್ನೇ ಮದುವೆ ಆಗ್ಬೇಕಿತ್ತು," ಅಂದೆ. ಎಳ್ಳಷ್ಟೂ ಬೇಜಾರು ಮಾಡಿಕೊಳ್ಳದೆ, "ಆಗ್ಬಹುದಿತ್ತು, ತಡವಾಗಿ ಸಿಕ್ಕಿತು," ಅಂದಳು.

ಅಲ್ಲಿಂದ ಶುರುವಾಯಿತು ನೋಡಿ. ಪೆನ್ನಿ, ಷಿಲ್ಲಿಂಗು, ಫ್ಲಾರಿನ್ನು, ಅರ್ಧ ಕ್ರೌನು. ಹಳೇ ಸಾಮಾನಿನ ಅಂಗಡಿ, ಹರಾಜು, ಹಡಗಿನಲ್ಲಿ ದುಡಿದು ಬಂದವರ ಮನೆಯ ಹಳೇ ಟ್ರಂಕು, ಎಲ್ಲಿ ವಾಸನೆ ಬಂದರೂ ಕಾಲಿಗೆ ಚಕ್ರ ಕಟ್ಟಿಕೊಂಡು ಹೊರಡುತ್ತಿದ್ದಳು. ನಿವೃತ್ತಿಯಾಗುವ ಹೊತ್ತಿಗೆ ನಾಣ್ಯ ಸಂಗ್ರಹಿಸುವವರೇ ಇವಳ ಬಾಗಿಲಿಗೆ ಬರತೊಡಗಿದ್ದರು. ಅಸಲಿಯೋ ನಕಲಿಯೋ ಹೇಳುವುದರಲ್ಲಿ ಎತ್ತಿದ ಕೈ ಅಂತ ಹೆಸರಾಯಿತು.

ಅವಳ ಪದ್ಧತಿಯೇ ಬೇರೆ. ಬಂದವರು ಕೂತ ಕೂಡಲೇ, "ನಮ್ಮ ಮುತ್ತಜ್ಜನಿಗೆ ಒಬ್ಬ ದೊರೆ..." ಅಂತ ಬಾಯಿ ತೆಗೆದರೆ ಕೈ ಎತ್ತಿಬಿಡುತ್ತಾಳೆ. "ಕತೆ ಬೇಡ. ಕಾಸು ಇಡಿ." ಕತೆ ಕೇಳಿದರೆ ಕಣ್ಣು ಮೆತ್ತಗಾಗುತ್ತದಂತೆ. ಮೊದಲು ತೂಕ. ಆಮೇಲೆ ನನ್ನ ದಾರದ ಉಂಡೆಯಿಂದ ಒಂದು ಮೊಳ ಕಿತ್ತು, ನಾಣ್ಯಕ್ಕೆ ಕಟ್ಟಿ, ನೀರಿನ ಲೋಟದಲ್ಲಿ ಮುಳುಗಿಸಿ ಮತ್ತೊಮ್ಮೆ ತೂಗುತ್ತಾಳೆ. ಬೆಳ್ಳಿಯೋ ಬೆಳ್ಳಿಯ ವೇಷದ ತಗಡೋ ನೀರು ಹೇಳಿಬಿಡುತ್ತದೆ. ಕೊನೆಗೆ ಲೆನ್ಸು. ಅದೂ ಆದ ಮೇಲೆ ಒಂದು ಚೀಟಿ. ಅದರಲ್ಲಿ ನಾಣ್ಯದ ವಿವರ, ಕೆಳಗೆ "ಸರಿ" ಅಥವಾ "ಸರಿಯಲ್ಲ", ಅದರ ಕೆಳಗೆ ರುಜು. ಒಂದು ಬಿಡಿಗಾಸೂ ತೆಗೆದುಕೊಳ್ಳುವುದಿಲ್ಲ. ನನ್ನ ದಾರಕ್ಕೂ ದುಡ್ಡು ಕೊಡುವುದಿಲ್ಲ. ಯಾರಾದರೂ ನಾಣ್ಯವನ್ನು ಟೂತ್‌ಪೇಸ್ಟಿನಲ್ಲಿ ಉಜ್ಜಿ ಫಳಫಳ ಮಾಡಿ ತಂದರೋ, ಮುಗಿಯಿತು ಅವರ ಕತೆ. "ನೂರು ವರ್ಷದ ಬಣ್ಣಾನ ಐದು ನಿಮಿಷದಲ್ಲಿ ತೊಳೆದು ಹಾಕಿದ್ರಲ್ಲ, ಕೈ ಹೆಂಗೆ ಬಂತು ನಿಮಗೆ?" ಅಂತ ಕಿವಿ ಹಿಂಡುವುದೊಂದು ಬಾಕಿ.

ಅವಳ ಸಂಗ್ರಹದಲ್ಲೆಲ್ಲ ಕಣ್ಮಣಿ ಅಂದರೆ ಸಾವಿರದ ಒಂಬೈನೂರ ಐದನೇ ಇಸವಿಯ ಒಂದು ಅರ್ಧ ಕ್ರೌನು, ಬ್ರಿಟಿಷರ ದೊಡ್ಡ ಬೆಳ್ಳಿ ನಾಣ್ಯ. ಒಂದು ಕಡೆ ಗಡ್ಡದ ರಾಜ, ಇನ್ನೊಂದು ಕಡೆ ಕಿರೀಟ, ಗುರಾಣಿ. ಆ ಮಾದರಿಯ ಅರ್ಧ ಕ್ರೌನು ಬೇರೆ ವರ್ಷದ್ದು ಬೇಕಾದಷ್ಟು ಸಿಗುತ್ತದೆ. ಐದರದ್ದು ಮಾತ್ರ ತೀರಾ ಕಮ್ಮಿ ಅಚ್ಚಾಗಿದ್ದಂತೆ. ಹಾಗಾಗಿ ಅದಕ್ಕೆ ನಕಲಿಗಳ ಕಾಟ. ಹತ್ತೊಂಬತ್ತು ವರ್ಷದ ಹಿಂದೆ, ತನ್ನ ಎರಡು ಬಂಗಾರದ ಬಳೆ ಮಾರಿ, ಒಂದು ಹರಾಜಿನಲ್ಲಿ ಕೊಂಡುಕೊಂಡಳು. ತೂಕ ಕರಾರುವಾಕ್ಕು, ಬೆಳ್ಳಿ ಅಪ್ಪಟ. ತಂದವಳೇ ಪಾರದರ್ಶಕ ಹಾಳೆಯ ಪುಟ್ಟ ಚೀಲದಲ್ಲಿ ಹಾಕಿ ಮುಚ್ಚಿದಳು. ಅಲ್ಲಿಂದಾಚೆಗೆ ಅದೇ ಅವಳ ಅಳತೆಗೋಲು.

ಹೋದ ವರ್ಷ ಅವಳಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಮೊದಲು ಬಲಗಣ್ಣು, ತಿಂಗಳು ಬಿಟ್ಟು ಎಡಗಣ್ಣು. ಪಟ್ಟಿ ಬಿಚ್ಚಿದ ಮೇಲೆ ನನಗೆ ಬಂದ ಕಷ್ಟ ಯಾರಿಗೂ ಬೇಡ. ಮೂಲೆಮೂಲೆಯ ಜೇಡರ ಬಲೆ ಕಂಡಿತು. ಪಾತ್ರೆಯ ತಳದ ಮಸಿ ಕಂಡಿತು. ನನ್ನ ಮುಖವನ್ನು ಬೆಳಕಿಗೆ ತಿರುಗಿಸಿ, "ಅಯ್ಯೋ, ನೀವು ಇಷ್ಟು ಮುದುಕ ಆಗಿದ್ದು ಯಾವಾಗ? ಹೇಳೋದಲ್ವಾ!" ಅಂದಳು. ನಾನು ಹೊಲಿದಿಟ್ಟ ಷರ್ಟನ್ನು ಎತ್ತಿ ಹಿಡಿದು, "ಕಾಲರ್ ಸೊಟ್ಟಗಿದೆ ರೀ," ಅಂದಳು. ನನ್ನ ಕಾಲರ್ ಸೊಟ್ಟ! ಮೈಯೆಲ್ಲ ಉರಿದುಹೋಯಿತು. ಆದರೆ ಅಳೆದು ನೋಡಿದರೆ, ಏನು ಹೇಳಲಿ, ಒಂದು ನೂಲು ಸೊಟ್ಟಗಿತ್ತು.

ಆಮೇಲೆ ಹೊಸ ಕಣ್ಣು ನಾಣ್ಯಗಳ ಮೇಲೆ ಬಿತ್ತು. ದಿನಕ್ಕೆ ಹತ್ತರಂತೆ ಎಲ್ಲವನ್ನೂ ತೆಗೆದು, ಲೆನ್ಸು ಹಿಡಿದು, ಹೊಸ ಮದುಮಗಳ ಹಾಗೆ ಖುಷಿಪಡುತ್ತಿದ್ದಳು. ಒಂದು ಬೆಳಗ್ಗೆ ಪರದೆಯಾಚೆಯಿಂದ ಸದ್ದೇ ಇಲ್ಲ. ಅರ್ಧ ಗಂಟೆ ಕಾದೆ. ಇವಳು ಅರ್ಧ ಗಂಟೆ ಸುಮ್ಮನಿದ್ದಾಳೆ ಅಂದರೆ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ. ಪರದೆ ಸರಿಸಿ ನೋಡಿದೆ. ಅರ್ಧ ಕ್ರೌನು ಚೀಲದಿಂದ ಹೊರಗೆ ಬಂದಿತ್ತು. ಅವಳ ಮುಖ ಬಿಳಿಚಿಕೊಂಡಿತ್ತು.

"ಈ ಐದು ಐದಲ್ಲ ರೀ," ಅಂದಳು.

ನನಗೂ ಲೆನ್ಸು ಕೊಟ್ಟಳು. ಇಸವಿಯ ಕೊನೆಯ ಅಂಕಿಯ ಸುತ್ತ, ಯಾರೋ ಉಗುರಿನಿಂದ ಗೀರಿದಂಥ ಸಣ್ಣಸಣ್ಣ ಗೆರೆ. ಅಂಕಿಯ ಬುಡದಲ್ಲಿ ಬೆಸುಗೆಯ ಒಂದು ಚುಕ್ಕೆ. ಸುಲಭವಾಗಿ ಸಿಗುವ ಬೇರೆ ಇಸವಿಯ ಅಸಲಿ ಅರ್ಧ ಕ್ರೌನನ್ನೇ ತೆಗೆದುಕೊಂಡು, ಕೊನೆಯ ಅಂಕಿಯನ್ನು ಕೆರೆದು, ಐದನ್ನು ಕೂರಿಸಿದ್ದರು. ಅದಕ್ಕೇ ತೂಕವೂ ಸರಿ, ಬೆಳ್ಳಿಯೂ ಸರಿ. ತಕ್ಕಡಿಯನ್ನು ನಂಬುವವಳನ್ನು ತಕ್ಕಡಿಯಲ್ಲೇ ಬೀಳಿಸಿದ್ದರು.

ಎರಡು ಬಳೆ ಹೋದವಲ್ಲ ಅಂತ ನಾನು ಲೆಕ್ಕ ಹಾಕತೊಡಗಿದೆ. ಅವಳಿಗೆ ಬಳೆಯ ನೆನಪೇ ಬರಲಿಲ್ಲ. ಎದ್ದು ಹೋಗಿ ಬೀರುವಿನಿಂದ ಹಳೇ ರಿಜಿಸ್ಟರು ತೆಗೆದಳು. ನೋಡಿದ ಪ್ರತಿಯೊಂದು ನಾಣ್ಯವನ್ನೂ ಅದರಲ್ಲಿ ಬರೆದಿಡುತ್ತಾಳೆ. ಹದಿನಾರು ವರ್ಷ ಹಿಂದಿನ ಒಂದು ಪುಟಕ್ಕೆ ಬೆರಳಿಟ್ಟಳು. ಐದನೇ ಇಸವಿಯ ಇನ್ನೊಂದು ಅರ್ಧ ಕ್ರೌನು. ತಂದವರು: ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ನೀರು: ಸರಿ. ತೂಕ: ಕಮ್ಮಿ. ಐದರ ಅಂಕಿ: ನನ್ನದಕ್ಕಿಂತ ಬೇರೆ. ತೀರ್ಮಾನ: ಸರಿಯಲ್ಲ. ಪಕ್ಕದಲ್ಲಿ ಆ ಐದರ ಚಿತ್ರವನ್ನೂ ಬರೆದಿದ್ದಳು. ಈಚೆಗೆ ಕೊಂಡ ದಪ್ಪ ಪುಸ್ತಕದಲ್ಲಿ ಅಸಲಿ ಐದರ ಫೋಟೋ ಇತ್ತು. ಚಿತ್ರ, ಫೋಟೋ ಎರಡನ್ನೂ ಪಕ್ಕಪಕ್ಕ ಇಟ್ಟಳು. ಒಂದೇ ಥರ ಇದ್ದವು.

"ಅವರ ಕಾಸು ಜೇಬಲ್ಲಿ ಓಡಾಡಿ ಸವೆದಿತ್ತು, ಅದಕ್ಕೆ ತೂಕ ಕಮ್ಮಿ. ಆಗ ಕಾಸು ನೋಡೋದರಲ್ಲಿ ನಾನಿನ್ನೂ ಹೊಸಬಳು. ತೂಕ ಕಮ್ಮಿ ಅಂದ್ರೆ ಮೋಸ ಅನ್ನೋದು ಆಫೀಸಿನ ಬುದ್ಧಿ," ಅಂದಳು. ರಿಜಿಸ್ಟರು ಮುಚ್ಚಿ, "ಆಫೀಸಲ್ಲಿ ನಮ್ಮ ಮೂಲ ತೂಕದ ಬಟ್ಟುಗಳನ್ನೇ ವರ್ಷ ವರ್ಷ ಪರೀಕ್ಷೆಗೆ ಕಳಿಸ್ತಿದ್ದೆ ಕಣ್ರೀ. ತೂಗೋ ಬಟ್ಟು ತಪ್ಪಾದ್ರೆ ಊರೆಲ್ಲ ತಪ್ಪಾಗುತ್ತೆ ಅಂತ ಎಲ್ಲರಿಗೂ ಪಾಠ ಹೇಳ್ತಿದ್ದೆ. ನನ್ನ ಬಟ್ಟನ್ನ ಮಾತ್ರ ಒಂದು ಸಲಾನೂ ಯಾರಿಗೂ ತೋರಿಸಲಿಲ್ಲ. ಒಬ್ಬ ಮನುಷ್ಯನ ಸೊತ್ತನ್ನ ಸುಳ್ಳು ಅಂದ್ಬಿಟ್ಟೆ. ಅದು ಸಿಕ್ಕಿ, ಸರಿ ಅಂತ ಗೊತ್ತಾಗೋವರೆಗೆ ಇನ್ನೊಂದು ಚೀಟಿ ಬರೆಯಲ್ಲ," ಅಂದಳು.

ಬರೆಯಲಿಲ್ಲ ಕೂಡ. ಅವತ್ತೇ ಮಧ್ಯಾಹ್ನ ಮುಷ್ಟಿ ಹಿಡಿದು ಬಂದ ಇಬ್ಬರನ್ನು ಹಾಗೇ ವಾಪಸು ಕಳಿಸಿದಳು. ನನ್ನ ಹೆಂಡತಿ ಸೋತು ಕೂತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಬಾಯಿ, ಆ ಜೋರು, ಆ ದರ್ಬಾರು, ಎಲ್ಲ ಇದ್ದಾಗ ಸಾಕಪ್ಪಾ ಅನ್ನಿಸುತ್ತಿತ್ತು. ಇಲ್ಲದಾಗ ಮನೆಯಲ್ಲಿ ಮೆಷಿನ್ನಿನ ಸದ್ದು ಬಿಟ್ಟು ಬೇರೇನೂ ಕೇಳಿಸದೆ ನನಗೆ ಅಳುವೇ ಬಂತು.

ಶನಿವಾರ ಬೆಳಗ್ಗೆ ಡ್ರಿಲ್ ಮೇಷ್ಟ್ರ ಮನೆ ಹುಡುಕಿಕೊಂಡು ಹೋದೆವು. ಮೂರನೇ ಮಹಡಿ. ಮೇಷ್ಟ್ರಿಗೆ ಎಪ್ಪತ್ತಾಗಿದೆ, ಕಡ್ಡಿಯಂಥ ಮೈ. ನಮ್ಮ ಏದುಸಿರು ಕೇಳಿ ಎರಡೆರಡು ಮೆಟ್ಟಿಲು ಹಾರಿ ಕೆಳಗಿಳಿದು ಬಂದು ನನ್ನ ಕೈ ಹಿಡಿದುಕೊಂಡರು. ಒಳಗೆ ಅವರ ಹೆಂಡತಿ ಬಟ್ಟೆ ಒಣಹಾಕುತ್ತಿದ್ದರು. ಕ್ಲಿಪ್ಪುಗಳನ್ನೆಲ್ಲ ಗೋಡೆಯ ಮೊಳೆಗೆ ತಲೆಕೆಳಗಾಗಿ ನೇತುಹಾಕಿದ್ದ ಒಂದು ನೀಲಿ ಹೆಲ್ಮೆಟ್ಟಿನಲ್ಲಿ ತುಂಬಿಟ್ಟಿದ್ದರು.

ನನ್ನ ಹೆಂಡತಿ ಕೂರಲಿಲ್ಲ. ನಿಂತೇ, ಒಂದೇ ಉಸಿರಿಗೆ ಹೇಳಿದಳು. ತನ್ನದೇ ನಕಲಿ, ಅವರದೇ ಅಸಲಿ ಇರಬೇಕು, ತಪ್ಪು ತನ್ನದು. ಮೇಷ್ಟ್ರು ಬಾಯಿ ಬಿಟ್ಟುಕೊಂಡು ಕೇಳಿ, ಕೊನೆಗೆ ಹೋ ಅಂತ ನಗತೊಡಗಿದರು. "ಅಮ್ಮಾ, ನೀವು ಸುಳ್ಳು ಅಂದ ದಿನ ನನಗೆ ಎಷ್ಟು ಹಗುರ ಆಯ್ತು ಗೊತ್ತಾ? ಬೀಗ ಹಾಕಿ ಇಡೋ ತಾಪತ್ರಯ ತಪ್ಪಿತು ಅಂದ್ಕೊಂಡೆ."

"ನೀವು ನಗ್ರಿ," ಅಂದರು ಅವರ ಹೆಂಡತಿ, ಒಂದು ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡೇ. "ಆ ಕಾಸು ಮಾರಿ ಸ್ಕೂಟರ್ ತಗೋತೀನಿ ಅಂತ ಹೆಲ್ಮೆಟ್ಟು ಮೊದಲೇ ತಂದಿಟ್ರು. ಹದಿನಾರು ವರ್ಷದಿಂದ ಕ್ಲಿಪ್ಪು ಹಾಕಿಡ್ತಿದೀನಿ."

"ನಡೆದೂ ನಡೆದೂ ನೋಡು, ನನಗೆ ಬಿಪಿ ಇಲ್ಲ, ಸಕ್ಕರೆ ಇಲ್ಲ."

"ನಿಮಗೆ ಇಲ್ಲ. ನಾನೂ ನಡೆದೆ. ನನ್ನ ಮಂಡಿ ಕೇಳಿ ನೋಡಿ."

ನನ್ನ ಹೆಂಡತಿ ತಲೆ ತಗ್ಗಿಸಿದಳು. ಆ ಮಂಡಿಯ ಮಾತು ಅವಳಿಗೆ ನೇರವಾಗಿ ನಾಟಿತು ಅಂತ ನನಗೆ ಗೊತ್ತಾಯಿತು. "ಕಾಸು ಎಲ್ಲಿದೆ?" ಅಂತ ಮೆಲ್ಲಗೆ ಕೇಳಿದಳು.

ಮೇಷ್ಟ್ರು ನಗುವುದನ್ನು ನಿಲ್ಲಿಸಿದರು. "ಹೇಗೂ ಸುಳ್ಳು ಕಾಸು, ದೊಡ್ಡದಾಗಿದೆ, ಕೈಗೆ ಚೆನ್ನಾಗಿ ಸಿಗುತ್ತೆ ಅಂತ ಸ್ಕೂಲಲ್ಲಿ ಟಾಸ್ ಹಾಕೋಕೆ ಇಟ್ಕೊಂಡಿದ್ದೆ. ರಿಟೈರ್ ಆದಾಗ ಸೀಟಿ ಜೊತೆ ಅದನ್ನೂ ಹೊಸ ಡ್ರಿಲ್ ಮೇಡಂಗೆ ಕೊಟ್ಟುಬಂದೆ." ಗೋಡೆಯ ಗಡಿಯಾರ ನೋಡಿದರು. "ಅಯ್ಯಯ್ಯೋ. ಇವತ್ತು ಮ್ಯಾಚಿದೆ!"

ಸ್ಕೂಲು ಎರಡು ಬೀದಿ ಆಚೆ. ನಾವು ನಾಲ್ಕೂ ಜನ ಹೋದ ರಭಸ ನೋಡಿ ಜನ ಬೆಂಕಿ ಬಿದ್ದಿದೆ ಅಂದುಕೊಂಡಿರಬೇಕು. ಮೇಷ್ಟ್ರು ಮುಂದೆ, ನನ್ನ ಹೆಂಡತಿ ಅವರ ಬೆನ್ನಿಗೆ, ಹಿಂದೆ ಮಂಡಿಯ ನೆಪದಲ್ಲಿ ಮೇಷ್ಟ್ರ ಹೆಂಡತಿ, ಅವರ ನೆಪದಲ್ಲಿ ನಾನು. ಗೇಟು ದಾಟುವಾಗ ಫುಟ್‌ಬಾಲ್ ಅಂಗಳದ ನಡುವೆ ಎರಡು ತಂಡದ ಹುಡುಗಿಯರು ಸಾಲಾಗಿ ನಿಂತಿದ್ದರು. ಡ್ರಿಲ್ ಮೇಡಂ ಹೆಬ್ಬೆರಳಿನಿಂದ ಏನನ್ನೋ ಮೇಲಕ್ಕೆ ಚಿಮ್ಮಿದರು. ಬಿಸಿಲಲ್ಲಿ ಅದು ಒಮ್ಮೆ ಮಿಂಚಿತು.

ಬೀದಿಯಲ್ಲಿ ನಾನು ಸ್ವಲ್ಪ ದನಿ ಏರಿಸಿದರೂ ಕಣ್ಣಲ್ಲೇ ಸುಡುವ ನನ್ನ ಹೆಂಡತಿ ಅಂಗಳವೆಲ್ಲ ಅದುರುವ ಹಾಗೆ ಕೂಗಿದಳು: "ಹಿಡೀರಿ! ಕೆಳಗೆ ಬಿಡಬೇಡಿ, ಹಿಡೀರಿ ಅಂದ್ರೆ!"

ಮೇಡಂ ಬೆಚ್ಚಿಬಿದ್ದು ಈ ಕಡೆ ತಿರುಗಿದರು. ನಾಣ್ಯ ಅವರ ಬೂಟಿನ ಮೇಲೆ ಬಿದ್ದು, ಅಂಚಿನ ಮೇಲೆ ನಿಂತು, ಗಟ್ಟಿ ನೆಲದಲ್ಲಿ ಉರುಳುತ್ತಾ ನೆಟ್ಟಗೆ ಚರಂಡಿಯ ಕಡೆ ಹೊರಟಿತು. ಮೇಷ್ಟ್ರು ಓಡಿದರು. ಎಪ್ಪತ್ತರ ಮನುಷ್ಯ, ದೇವರಾಣೆ, ಚೆಂಡಿನ ಹಿಂದೆ ಓಡಿದ ಹಾಗೆ ಓಡಿ, ಚರಂಡಿಯ ಕಬ್ಬಿಣದ ಜಾಲರಿಗೆ ಇನ್ನೊಂದು ಗೇಣಿರುವಾಗ ಬೂಟುಗಾಲನ್ನು ಅದರ ಮೇಲೆ ಊರಿದರು.

"ಕಾಲಲ್ಲಲ್ಲ! ತುಳೀಬೇಡಿ!" ಅಂತ ಇವಳ ಮತ್ತೊಂದು ಕೂಗು.

"ತುಳಿಯದಿದ್ರೆ ಚರಂಡಿಗೆ ಹೋಗ್ತಿತ್ತಲ್ಲಮ್ಮಾ!" ಅಂತ ಅವರು.

ಇಬ್ಬರು ನಾಯಕಿಯರು ಬಂದು, "ಟಾಸ್ ಯಾರದು ಸರ್?" ಅಂತ ಜಗಳ ತೆಗೆದರು. ಕಾಲ ಕೆಳಗಿದ್ದದ್ದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅಂತ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ನನ್ನ ಜೇಬಿನಿಂದ ಒಂದು ದಪ್ಪ ಕೋಟಿನ ಗುಂಡಿ ತೆಗೆದುಕೊಟ್ಟೆ. ಒಂದು ಕಡೆ ನುಣುಪು, ಇನ್ನೊಂದು ಕಡೆ ಒರಟು. ಅದರಲ್ಲೇ ಟಾಸ್ ಆಗಿ ಆಟ ಶುರುವಾಯಿತು. ಅವತ್ತಿನ ಮ್ಯಾಚು ನಡೆದದ್ದು ದರ್ಜಿಯ ಕೃಪೆಯಿಂದ, ಇದನ್ನು ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತಿದ್ದೇನೆ.

ಅಂಗಳದ ಬದಿಯ ಬೆಂಚಿನ ಮೇಲೆ ಕೂತು ಅವಳು ಲೆನ್ಸು ತೆಗೆದಳು. ನಾಣ್ಯದ ಅಂಚಿನ ತುಂಬ ಪೆಟ್ಟು. ರಾಜನ ಗಡ್ಡದ ಅರ್ಧ ಸವೆದುಹೋಗಿತ್ತು, ಕೆನ್ನೆಯ ಮೇಲೆ ಉದ್ದನೆಯ ಗೀರು. ಆದರೆ ಐದರ ಅಂಕಿ ಪುಸ್ತಕದಲ್ಲಿದ್ದ ಹಾಗೇ ಇತ್ತು, ಸುತ್ತ ಒಂದೂ ಕೆರೆದ ಗುರುತಿಲ್ಲ.

"ಹೇಳಿ ಮತ್ತೆ, ಸರಿಯೋ ಅಲ್ಲವೋ?" ಅಂದರು ಮೇಷ್ಟ್ರ ಹೆಂಡತಿ.

"ನನಗೆ ಸರಿ ಅನ್ನಿಸುತ್ತೆ. ಆದ್ರೆ ನಾನು ಹೇಳಲ್ಲ. ಆಗಲೂ ನನಗೆ ಅನ್ನಿಸಿದ್ದನ್ನೇ ಹೇಳಿದ್ದೆ," ಅಂದಳು ಇವಳು. "ನನಗಿಂತ ದೊಡ್ಡ ತಕ್ಕಡಿಗೆ ಕಳಿಸೋಣ. ಖರ್ಚು ನನ್ನದು."

ಹೀಗೆ ಅದು ದೂರದ ಒಂದು ಪರೀಕ್ಷಾ ಕೇಂದ್ರಕ್ಕೆ, ವಿಮೆ ಮಾಡಿದ ಪೊಟ್ಟಣದಲ್ಲಿ ಹೊರಟಿತು. ಉತ್ತರಕ್ಕೆ ಆರು ವಾರ.

ಆ ಆರು ವಾರ ನಮ್ಮ ಮನೆಯ ಪರದೆಯಾಚೆ ಯಾರೂ ಹೋಗಲಿಲ್ಲ. ಮೇಷ್ಟ್ರ ಹೆಂಡತಿ ಮಾತ್ರ ಎರಡು ದಿನಕ್ಕೊಮ್ಮೆ, ಗಂಡನ ಪ್ಯಾಂಟು ಚಿಕ್ಕದು ಮಾಡಿಸುವ ನೆಪದಲ್ಲಿ ಬರುತ್ತಿದ್ದರು. ಹೀಗೇ ಚಿಕ್ಕದು ಮಾಡುತ್ತಾ ಹೋದರೆ ಮೇಷ್ಟ್ರು ಚಡ್ಡಿಯಲ್ಲಿ ಓಡಾಡಬೇಕಾಗುತ್ತದೆ ಅಂತ ನಾನು ಹೇಳಿದ ಮೇಲೆ ನೆಪ ಬಿಟ್ಟು ಸುಮ್ಮನೆ ಬರತೊಡಗಿದರು. ಅವರೂ ಇವಳೂ ಕಿಟಕಿಯ ಬಳಿ ಕೂತು ಕಾಫಿ ಕುಡಿಯುತ್ತಿದ್ದರು. ಮೊದಮೊದಲು ಮಂಡಿಯ ಮಾತು. ಆಮೇಲೆ ಇಬ್ಬರೂ ಸೇರಿ ಗಂಡಂದಿರ ಮಾತು.

ನನ್ನ ಎದೆಯಲ್ಲಿ ಒಂದು ಮುಳ್ಳು ಆಡುತ್ತಿತ್ತು. ಒಂದು ಸಂಜೆ, ಗುಂಡಿ ಹಚ್ಚುತ್ತಾ, ಅವಳ ಮುಖ ನೋಡದೆ ಹೇಳಿಬಿಟ್ಟೆ. "ಅವತ್ತು ಹರಾಜಲ್ಲಿ ನೀನು ಲೆನ್ಸು ತೆಗೆದಿದ್ದೆ. ನಾನೇ ಬಸ್ ಹೋಗುತ್ತೆ ಬಾರೆ, ಬಸ್ ಹೋಗುತ್ತೆ ಬಾರೆ ಅಂತ ಪ್ರಾಣ ತಿಂದೆ. ನೀನು ಲೆನ್ಸು ಚೀಲಕ್ಕೆ ಹಾಕ್ಕೊಂಡು ಎದ್ದೆ."

"ಗೊತ್ತು," ಅಂದಳು.

"ಹತ್ತೊಂಬತ್ತು ವರ್ಷದಿಂದ ಗೊತ್ತಿತ್ತಾ?"

"ಬಸ್ಸಿನದು ಗೊತ್ತಿತ್ತು, ಕಾಸು ಸುಳ್ಳು ಅಂತ ಗೊತ್ತಿರಲಿಲ್ಲ. ಈಗ ಗೊತ್ತಾದ ಮೇಲೂ ನಿಮ್ಮನ್ನ ಏನೂ ಅನ್ನಲ್ಲ ಬಿಡಿ. ಲೆನ್ಸು ನನ್ನ ಕೈಯಲ್ಲಿತ್ತು, ನಿಮ್ಮ ಬಸ್ಸಿನ ಕೈಯಲ್ಲಿರಲಿಲ್ಲ. ಮನೆಗೆ ಬಂದ ಮೇಲೆ ನೋಡಬಹುದಿತ್ತು. ನನ್ನದು ಅಂತ ಆದ ಮೇಲೆ ನೋಡೋಕೆ ಮನಸ್ಸೇ ಬರಲಿಲ್ಲ." ಕಾಫಿ ಲೋಟ ಎತ್ತಿಕೊಂಡು ಎದ್ದು, ನನ್ನ ಪಕ್ಕ ಬಂದಾಗ ಷರ್ಟಿನ ಮೇಲೆ ಕಣ್ಣು ಹಾಯಿಸಿದಳು. "ಮೂರನೇ ಗುಂಡಿ ಕೆಳಗಾಗಿದೆ," ಅಂದಳು.

ನನಗೆ ಎಷ್ಟು ಸಮಾಧಾನವಾಯಿತು ಅಂದರೆ, ಗುಂಡಿಯನ್ನು ಕಿತ್ತು ಖುಷಿಯಿಂದ ಮತ್ತೆ ಹಚ್ಚಿದೆ.

ಆರು ವಾರ ಏಳಾಯಿತು. ಪೊಟ್ಟಣ ಬಂದ ದಿನ ಅವಳು ಮೇಷ್ಟ್ರು, ಅವರ ಹೆಂಡತಿ ಬರುವವರೆಗೆ ಜಪ್ಪಯ್ಯ ಅಂದರೂ ಅದನ್ನು ಒಡೆಯಲಿಲ್ಲ. ಅವರು ಬಂದ ಮೇಲೆ ನನ್ನ ಕತ್ತರಿಯಿಂದಲೇ ಕತ್ತರಿಸಿದಳು. ಬಟ್ಟೆಯ ಕತ್ತರಿಯಲ್ಲಿ ಕಾಗದ ಕತ್ತರಿಸಿದರೆ ನಾನು ಮನೆ ಹಾರಿಹೋಗುವ ಹಾಗೆ ಕೂಗಾಡುತ್ತೇನೆ, ಅವತ್ತು ಬಾಯಿ ಬಿಡಲಿಲ್ಲ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾಣ್ಯ ಕೂತಿತ್ತು. ಜೊತೆಗೊಂದು ಕಾಗದ. ಇವಳು ಓದಿ, ಮತ್ತೊಮ್ಮೆ ಓದಿ, ಮೇಷ್ಟ್ರ ಕೈಗೆ ಕೊಟ್ಟಳು. ತುಂಬಾ ಸವೆದಿದೆ, ಅಂಚಿಗೆ ಪೆಟ್ಟು ಬಿದ್ದಿದೆ, ಮುಖದ ಮೇಲೆ ಗೀರಿದೆ. ನಾಣ್ಯ ಅಸಲಿ.

ಮೇಷ್ಟ್ರ ಹೆಂಡತಿ ನನ್ನ ಹೆಂಡತಿಯನ್ನು ತಬ್ಬಿಕೊಂಡರು. ಇವಳ ಕಣ್ಣಲ್ಲಿ ನೀರು. ಆಪರೇಷನ್ನಿನ ಕಣ್ಣು, ಹಾಗೇ ಸುರಿಯುತ್ತದೆ ಅಂತ ಸಬೂಬು ಬೇರೆ ಹೇಳಿದಳು.

"ಆಡಿಸದೆ ಇಟ್ಟಿದ್ರೆ ಇನ್ನೂ ಜಾಸ್ತಿ ಬರ್ತಿತ್ತು ಮೇಷ್ಟ್ರೇ. ಆ ಪೆಟ್ಟೆಲ್ಲ ನನ್ನ ಚೀಟಿಯಿಂದ ಬಿದ್ದಿದ್ದು," ಅಂದಳು.

"ಹದಿನಾರು ವರ್ಷದ ಆಟ ಅದರ ಮೇಲಿದೆ, ಬಿಡಿ," ಅಂದರು ಮೇಷ್ಟ್ರು. "ಈಗ ಒಂದು ಚೀಟಿ ಬರ್ಕೊಡಿ."

"ಅವರದೇ ಕಾಗದ ಇದೆಯಲ್ಲ."

"ಅವರು ಯಾರೋ. ಸರಿಯಲ್ಲ ಅಂತ ಬರೆದವರೇ ಸರಿ ಅಂತ ಬರೀಬೇಕು." ಮೇಷ್ಟ್ರು ಜೇಬಿನ ಪರ್ಸಿನಿಂದ ನಾಲ್ಕು ಮಡಿಕೆಯ ಒಂದು ಹಳದಿ ಕಾಗದ ತೆಗೆದರು. ಮಡಿಕೆಗಳಲ್ಲಿ ಹರಿದುಹೋಗಿತ್ತು. ಹದಿನಾರು ವರ್ಷ ಹಿಂದಿನ ಅದೇ ಚೀಟಿ. "ಇದರಲ್ಲೇ ಬರೀರಿ, ಕೆಳಗೆ ಜಾಗ ಇದೆ."

ಅವಳು ಹರಿದ ಮಡಿಕೆಗಳನ್ನು ಮೇಜಿನ ಮೇಲೆ ಸರಿಯಾಗಿ ಜೋಡಿಸಿದಳು. ಆಮೇಲೆ ಬರೆದಳು: "ಮೇಲೆ ಬರೆದದ್ದು ತಪ್ಪು. ನನ್ನ ಅಳತೆಗೋಲು ಸುಳ್ಳಾಗಿತ್ತು. ನಾಣ್ಯ ಸರಿ." ಕೆಳಗೆ ರುಜು, ತಾರೀಖು. ನಂತರ ಮೇಜಿನ ಖಾನೆ ಎಳೆದು ತನ್ನ ಅರ್ಧ ಕ್ರೌನನ್ನು ತೆಗೆದು ಮೇಷ್ಟ್ರ ಅಂಗೈಯಲ್ಲಿಟ್ಟಳು. "ಸ್ಕೂಲಿಗೆ ಟಾಸ್ ಕಾಸು ಬೇಕಲ್ಲ. ಕೋಟಿನ ಗುಂಡೀಲಿ ಎಷ್ಟು ದಿನ ಆಡ್ತಾರೆ? ಇದನ್ನ ಎಷ್ಟು ಬೇಕಾದ್ರೂ ಹಾರಿಸಲಿ."

ಎರಡು ಬಳೆಯ ಬೆಲೆಯ ಕಾಸು. ಆದರೆ ಅದನ್ನು ಕೊಡುವಾಗ ಅವಳ ಮುಖ ಹಗುರವಾಗಿದ್ದನ್ನು ನೋಡಿ, ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ.

ಹದಿನೈದು ದಿನದಲ್ಲಿ ಒಬ್ಬ ಸಂಗ್ರಹಕಾರ ನಾಣ್ಯ ಕೊಳ್ಳಲು ನಮ್ಮ ಮನೆಗೇ ಬಂದ. ಸೂಟು ಬೂಟಿನ ಆಸಾಮಿ. ಸೂಟಿನ ತೋಳು ಅರ್ಧ ಇಂಚು ಉದ್ದವಾಗಿತ್ತು, ನಾನು ಹೇಳಲು ಹೋಗಲಿಲ್ಲ. ಪ್ಲಾಸ್ಟಿಕ್ ಡಬ್ಬಿಯನ್ನು ತಿರುಗಿಸಿ ನೋಡಿದ. ಪೆಟ್ಟು ಜಾಸ್ತಿ ಅಂತ ಮೂಗು ಮುರಿದ. ಪರೀಕ್ಷಾ ಕೇಂದ್ರದ ಕಾಗದದ ಮೇಲೆ ಸುಮ್ಮನೆ ಕಣ್ಣಾಡಿಸಿದ. ಆಮೇಲೆ ಮೇಷ್ಟ್ರು ಹಳದಿ ಚೀಟಿ ಬಿಚ್ಚಿ ಮೇಜಿನ ಮೇಲಿಟ್ಟರು. ಅದನ್ನು ಓದಲು ಅವನು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ. ಓದಿ ನನ್ನ ಹೆಂಡತಿಯ ಕಡೆ ನೋಡಿದ.

"ಇದನ್ನ ಬರೆದವರು ನೀವೇನಾ ಅಮ್ಮಾ?"

"ಮೇಲಿಂದೂ ನಾನೇ, ಕೆಳಗಿಂದೂ ನಾನೇ," ಅಂದಳು.

"ಮೂವತ್ತು ವರ್ಷದಿಂದ ಕೊಳ್ತಿದೀನಿ. ನಂದು ತಪ್ಪು ಅಂತ ಯಾರೂ ಬರೆದುಕೊಟ್ಟಿದ್ದು ನೋಡಿಲ್ಲ." ಅವನು ಮತ್ತೆ ಚೌಕಾಸಿ ಮಾಡಲಿಲ್ಲ. ಮೇಷ್ಟ್ರು ಹೇಳಿದ ಬೆಲೆಗೆ ಒಪ್ಪಿದ. ಒಂದು ಹೊಸ ಸ್ಕೂಟರಿಗೆ ಸಾಕಾಗಿ, ಮಂಡಿಯ ಡಾಕ್ಟರಿಗೂ ಸ್ವಲ್ಪ ಉಳಿಯುವಷ್ಟು. ನಾಣ್ಯವನ್ನು ಚೀಲಕ್ಕೆ ಹಾಕಿಕೊಂಡು, ಚೀಟಿಗೂ ಕೈ ಚಾಚಿದ. "ಇದೂ ಜೊತೆಗೆ ಬೇಕು. ಬೇಕಾದ್ರೆ ಇದಕ್ಕೆ ಬೇರೆ ದುಡ್ಡು ಕೊಡ್ತೀನಿ."

ಮೇಷ್ಟ್ರು ಚೀಟಿಯ ಮೇಲೆ ಅಂಗೈ ಊರಿದರು, ಅವತ್ತು ಚರಂಡಿಯ ಪಕ್ಕ ಕಾಲು ಊರಿದ ಹಾಗೆಯೇ.

"ಕಾಸು ಮಾರಿದೀನಿ, ತಗೊಂಡು ಹೋಗಿ," ಅಂದರು. "ಚೀಟಿ ಮಾರಲ್ಲ."

ನನ್ನ ಹೆಂಡತಿ ಬಗ್ಗಿ ನೆಲದ ಮೇಲೆ ಏನೋ ಹುಡುಕತೊಡಗಿದಳು. ಆ ಹೊಸ ಕಣ್ಣಿಗೆ ಕಾಣದೇ ಇರುವಂಥದ್ದು ಅಲ್ಲೇನೂ ಬಿದ್ದಿರಲಿಲ್ಲ. ಹೊರಗೆ ಬಾಗಿಲಲ್ಲಿ ಯಾರೋ ಮುಷ್ಟಿ ಬಿಗಿ ಹಿಡಿದು ನಿಂತು, "ತಕ್ಕಡಿಯಮ್ಮ ಇದಾರಾ?" ಅಂತ ಕೇಳುತ್ತಿದ್ದರು. "ಇದಾರೆ, ಒಳಗೆ ಹೋಗಿ," ಅಂದೆ ನಾನು, ಒಂದು ಮೊಳ ದಾರವನ್ನು ಮೊದಲೇ ಕಿತ್ತು ಅವರ ಕೈಗೆ ಕೊಡುತ್ತಾ.